ಇಲ್ಲ ಎನ್ನುವ ವಿಜ್ಞಾನಕ್ಕೂ ಮನ್ನಣೆ ಬೇಕು

ಕೆಲವೇ ಪರಮಾಣುಗಳಷ್ಟು ತೆಳುವಾದ ಎರಡು ಆಯಾಮದ ಅರೆವಾಹಕಗಳಿಂದ ಮುಂದಿನ ಪೀಳಿಗೆಯ ಚಿಪ್‌ಗಳನ್ನು ರೂಪಿಸುವ ಪ್ರಸ್ತಾವವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 30 ವಿಜ್ಞಾನಿಗಳ ತಂಡ 2022ರಲ್ಲಿ ಕೇಂದ್ರ ಸರ್ಕಾರದ ಮುಂದಿಟ್ಟಿತು. 2024ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಸಲ್ಲಿಸಿತು. ಐದು ವರ್ಷಗಳಿಗೆ ಅದು ಕೇಳಿದ್ದು 500 ಕೋಟಿ ರೂಪಾಯಿ. ಅರೆವಾಹಕ ಉದ್ಯಮಕ್ಕೆಂದು ಕೇಂದ್ರ 2021ರಲ್ಲಿ ಪ್ರಕಟಿಸಿದ 76 ಸಾವಿರ ಕೋಟಿ ರೂಪಾಯಿಗೆ ಹೋಲಿಸಿದರೆ ಇದು ಅಲ್ಪ ಮೊತ್ತ. ಇಂತಹ ಸಂಶೋಧನೆಗೆ ಹಣ ಹರಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಣ ಯಾವ ಬಗೆಯ ವಿಜ್ಞಾನವನ್ನು ಪೋಷಿಸಬೇಕು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಈ ಕ್ಷೇತ್ರದ ಒಂದು ಕವಲಾದ ಕಾಂತೀಯ ಅರೆವಾಹಕಗಳ ಚರಿತ್ರೆ ಇದಕ್ಕೆ ಉತ್ತರ ನೀಡಬಲ್ಲದು.

ಇಂದಿನ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಕೆಲಸ ಅರೆವಾಹಕದ್ದು. ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿಯನ್ನು ಕಾಪಿಡುವ ಕೆಲಸ ಕಾಂತೀಯ ವಸ್ತುವಿನದು. ಒಂದೇ ವಸ್ತು ಎರಡನ್ನೂ ಮಾಡುವಂತಾದರೆ ವಿದ್ಯುತ್ತೂ ಜಾಗವೂ ಉಳಿಯುತ್ತವೆ. ಈ ಆಸೆಯಿಂದಲೇ ಅರೆವಾಹಕಕ್ಕೆ ಮ್ಯಾಂಗನೀಸ್, ಕೋಬಾಲ್ಟ್, ವೆನೇಡಿಯಂನಂಥ ಧಾತುಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುವ, ಅಂದರೆ ‘ಡೋಪ್’ ಮಾಡುವ ಪ್ರಯತ್ನ ದಶಕಗಳಿಂದ ನಡೆದಿದೆ. 2017ರಲ್ಲಿ ಒಂಟಿ ಪದರದ ಕ್ರೋಮಿಯಂ ಅಯೊಡೈಡ್ ಸಹಜವಾಗಿಯೇ ಅಯಸ್ಕಾಂತವೆಂದು ತಿಳಿಯಿತು. ಆದರೆ ಅದಕ್ಕೆ ಸೊನ್ನೆಗಿಂತ 228 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಶೀತ ಬೇಕು. 2020ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಒಂಟಿ ಪದರದ ಟಂಗ್‌ಸ್ಟನ್ ಡೈಸೆಲೆನೈಡ್‌ಗೆ ಸಾವಿರಕ್ಕೆ ಒಂದರಷ್ಟು ವೆನೇಡಿಯಂ ಬೆರೆಸಿ, ಕೋಣೆಯ ಉಷ್ಣತೆಯಲ್ಲೇ ಕಾಂತೀಯತೆ ಕಂಡಿದ್ದಾಗಿ ವರದಿ ಮಾಡಿದರು. ಆಶಾದಾಯಕ ಸುದ್ದಿಯೇ ಸರಿ.

ಇಂಥದೇ ಆಶೆ ಹಿಂದೆಯೂ ಮೂಡಿತ್ತು. ಮ್ಯಾಂಗನೀಸ್ ಬೆರೆಸಿದ ಸತುವಿನ ಆಕ್ಸೈಡ್ ಕೋಣೆಯ ಉಷ್ಣತೆಯಲ್ಲಿ ಅಯಸ್ಕಾಂತವಾಗಬಲ್ಲದು ಎಂಬ ಸೈದ್ಧಾಂತಿಕ ಊಹೆ 2000ದಲ್ಲಿ ಪ್ರಕಟವಾದೊಡನೆ, ಅದನ್ನು ಕಂಡೆವೆಂಬ ಪ್ರಬಂಧಗಳು ಜಗತ್ತಿನ ನಾನಾ ಕಡೆಯಿಂದ ಬರತೊಡಗಿದವು. ಆಗ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಮತ್ತು ಎಫ್.ಎಲ್. ದೀಪಕ್ ಕಡಿಮೆ ಉಷ್ಣತೆಯಲ್ಲಿ ಎಚ್ಚರದಿಂದ ತಯಾರಿಸಿದ ಮಾದರಿಗಳನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆಯೇ ತೀರ್ಪಿನಂತಿತ್ತು: ಮ್ಯಾಂಗನೀಸ್, ಕೋಬಾಲ್ಟ್ ಬೆರೆಸಿದ ಸತುವಿನ ಆಕ್ಸೈಡ್‌ನಲ್ಲಿ ಅಯಸ್ಕಾಂತೀಯತೆ ಇಲ್ಲ. ಮರುವರ್ಷ ಅದೇ ಕೇಂದ್ರದ ಎ. ಸುಂದರೇಶನ್ ಮತ್ತು ಸಂಗಡಿಗರು ಏನನ್ನೂ ಬೆರೆಸದ ಆಕ್ಸೈಡ್‌ಗಳ ನ್ಯಾನೊ ಕಣಗಳಲ್ಲೂ ಕ್ಷೀಣ ಕಾಂತೀಯತೆ ಉಂಟೆಂದು ತೋರಿಸಿ, ಕಣಗಳ ಮೇಲ್ಮೈಯಲ್ಲಿ ಆಮ್ಲಜನಕದ ಪರಮಾಣುಗಳು ಬಿಟ್ಟುಹೋದ ತೆರಪುಗಳು ಅದಕ್ಕೆ ಕಾರಣವಿರಬಹುದೆಂದರು. ಕಾಂತೀಯತೆ ಕಂಡಿತೆಂದ ಮಾತ್ರಕ್ಕೆ ಅದು ಬೆರೆಸಿದ ಧಾತುವಿನ ಫಲವೆಂದು ಹೇಳಲಾಗದು ಎಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನೊಂದು ಪ್ರಸಂಗವೂ ನೆನಪಿಡುವಂಥದು. ಹಾಫ್ನಿಯಂ ಆಕ್ಸೈಡ್‌ನ ತೆಳುಪದರ ಅಯಸ್ಕಾಂತದಂತೆ ವರ್ತಿಸುತ್ತದೆಂಬ ವರದಿ 2004ರಲ್ಲಿ ಕುತೂಹಲ ಕೆರಳಿಸಿತ್ತು. ಅಮೆರಿಕದ ಐಬಿಎಂ ಸಂಶೋಧಕರು ಅದನ್ನು ಮರುಪರೀಕ್ಷಿಸಿದಾಗ ಶುದ್ಧ ಪದರದಲ್ಲಿ ಅಂಥದೇನೂ ಕಾಣಲಿಲ್ಲ. ಮಾದರಿಯನ್ನು ಉಕ್ಕಿನ ಚಿಮಟದಿಂದ ಹಿಡಿದರೆ ಸಾಕು, ಅಂಟಿದ ಕಣಗಳಿಂದಲೇ ಅಂಥ ಸಂಕೇತ ಮೂಡುತ್ತಿತ್ತು!

ಒಂಟಿ ಪದರದ ವಸ್ತುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅವುಗಳ ದಪ್ಪ ಕೂದಲೆಳೆಯ ಲಕ್ಷದಲ್ಲೊಂದು ಪಾಲು. ಅವನ್ನು ಹೊತ್ತಿರುವ ತಳಹಲಗೆಯೋ ಲಕ್ಷಾಂತರ ಪಟ್ಟು ದಪ್ಪ. ಧೂಳಿನ ಒಂದು ಕಣ, ಗುಂಪುಗೂಡಿದ ಕೆಲವು ಲೋಹದ ಪರಮಾಣುಗಳು ಇಡೀ ಫಲಿತಾಂಶವನ್ನು ತಿರುವುಮುರುವು ಮಾಡಬಲ್ಲವು. ಹಲವು ವಿಧಾನಗಳಿಂದ, ಹಲವು ಪ್ರಯೋಗಾಲಯಗಳಲ್ಲಿ ದೃಢಪಡದ ಹೊರತು ಇಲ್ಲಿ ಯಾವ ‘ಶೋಧ’ವನ್ನೂ ನಂಬುವಂತಿಲ್ಲ.

ಆದರೆ ಪ್ರಬಂಧಗಳ ಸಂಖ್ಯೆಯಿಂದಲೇ ವಿಜ್ಞಾನಿಯ ಯೋಗ್ಯತೆಯನ್ನು ಅಳೆಯುವ ವ್ಯವಸ್ಥೆಯಲ್ಲಿ ಪರರ ಫಲಿತಾಂಶವನ್ನು ಮರುಪರೀಕ್ಷಿಸಲು ವರ್ಷಗಟ್ಟಲೆ ದುಡಿಯುವವರು ಯಾರು? ‘ಇದೆ’ ಎಂದವರಿಗೆ ಸಿಗುವ ಪ್ರಚಾರ ‘ಇಲ್ಲ’ ಎಂದವರಿಗೆ ಸಿಗದು. ಹಿರಿಯ ವಿಜ್ಞಾನಿಗಳು ಅಂಥ ಧೈರ್ಯ ತೋರಬಹುದು. ಶಿಷ್ಯವೇತನವನ್ನೇ ನೆಚ್ಚಿಕೊಂಡ ಸಂಶೋಧನಾ ವಿದ್ಯಾರ್ಥಿಗೆ ಅದು ಸುಲಭವಲ್ಲ. ಹುಣಸೂರು ತಾಲ್ಲೂಕಿನ ಗಾವಡಗೆರೆಯಂಥ ಊರಿನಿಂದ ಬಂದು ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಭೌತವಿಜ್ಞಾನ ಓದುವ ವಿದ್ಯಾರ್ಥಿಗೆ ಅತಿಸೂಕ್ಷ್ಮ ಕಾಂತಮಾಪಕ ಕೈಗೆಟುಕಬೇಕಾದರೆ ದೊಡ್ಡ ಸಂಸ್ಥೆಗಳ ಬಾಗಿಲು ತೆರೆದಿರಬೇಕು.

ಆದ್ದರಿಂದ ಎರಡು ಆಯಾಮದ ವಸ್ತುಗಳಿಗೆ ಸರ್ಕಾರ ನೀಡುವ ನೆರವಿನಲ್ಲಿ ಒಂದು ನಿರ್ದಿಷ್ಟ ಪಾಲು ಮರುಪರೀಕ್ಷೆಗೆ ಮೀಸಲಾಗಬೇಕು. ಅಳತೆಯ ಉಪಕರಣಗಳು ರಾಜ್ಯದ ವಿಶ್ವವಿದ್ಯಾಲಯಗಳಿಗೂ ದೊರೆಯಬೇಕು. ಎಚ್ಚರದಿಂದ ಪಡೆದ ನಕಾರಾತ್ಮಕ ಫಲಿತಾಂಶವನ್ನೂ ಸಾಧನೆಯೆಂದೇ ಪರಿಗಣಿಸಬೇಕು. ಸುಳ್ಳು ಸಂಕೇತದ ಬೆನ್ನು ಹತ್ತಿ ಕಟ್ಟಿದ ಕಾರ್ಖಾನೆಯ ನಷ್ಟಕ್ಕಿಂತ ‘ಇಲ್ಲ’ ಎಂದು ಮೊದಲೇ ಹೇಳಿಸಿಕೊಳ್ಳುವ ವೆಚ್ಚ ಬಹಳ ಕಡಿಮೆ. ಆ ಮಾತನ್ನು 2005ರಲ್ಲೇ ನಿರ್ಭಿಡೆಯಿಂದ ಹೇಳಿದ ಬೆಂಗಳೂರು ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಬೇಕು.