ಕಡಲಾಚೆಗೆ ಹೊರಟವರ ಪಿಂಚಣಿ

ನಮ್ಮ ವಾಚಕರಲ್ಲೊಬ್ಬರಾದ ಗೃಹಿಣಿಯವರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಯಜಮಾನರು ಸರ್ಕಾರಿ ಪ್ರೌಢಶಾಲೆಯ ಸೇವೆಯಿಂದ ನಿವೃತ್ತರಾದವರು. ಒಬ್ಬನೇ ಮಗನು ಅಮೆರಿಕದಲ್ಲಿ ನೆಲಸಿ, ಅಲ್ಲಿಯ ಪೌರನಾಗಿ, ತಂದೆತಾಯಿಗಳಿಗೂ ಅಲ್ಲಿಯ ಶಾಶ್ವತ ನಿವಾಸದ ಹಕ್ಕನ್ನು ದೊರಕಿಸಿಕೊಟ್ಟಿರುವನಂತೆ. “ಮನೆಯ ವಿಚಾರ ಇತ್ಯರ್ಥವಾಯಿತು, ಪಾತ್ರೆಪಡಗಗಳೂ ಹಂಚಿಹೋದುವು, ಯಜಮಾನರ ಪಿಂಚಣಿಯೊಂದನ್ನು ಮಾತ್ರ ಏನು ಮಾಡುವುದೆಂದು ತಿಳಿಯದು. ದಲ್ಲಾಳಿಯೊಬ್ಬರು ಎಲ್ಲವನ್ನೂ ತಾವೇ ಮಾಡಿಕೊಡುವೆವೆಂದು ಹೇಳಿ ಶುಲ್ಕ ಕೇಳುತ್ತಾರೆ. ಇದನ್ನು ನಾವೇ ಮಾಡಿಕೊಳ್ಳಲಾಗದೆ?” ಎಂಬುದು ಅವರ ಪ್ರಶ್ನೆ.

ಮಾಡಿಕೊಳ್ಳಬಹುದು, ಮಾಡಿಕೊಳ್ಳುವುದೇ ಲೇಸು ಎಂದು ನಮ್ಮ ಅಭಿಪ್ರಾಯ. ಅಕ್ಷರ ಬಲ್ಲ ದಂಪತಿಗಳಿಗೆ ಇದರಲ್ಲಿ ಅಸಾಧ್ಯವಾದುದೇನೂ ಇಲ್ಲ. ಆದರೆ ಹೊರಡುವುದಕ್ಕೆ ಮುನ್ನ ಮಾಡತಕ್ಕ ಕೆಲಸಗಳನ್ನು ಹೊರಡುವುದಕ್ಕೆ ಮುನ್ನವೇ ಮಾಡಬೇಕು. ವಿಮಾನ ಏರಿದ ಮೇಲೆ ಒಂದು ರುಜುವಿಗಾಗಿ ನೂರಾರು ಮೈಲಿ ಅಲೆಯಬೇಕಾಗುತ್ತದೆ.

ಇಷ್ಟು ಸಣ್ಣ ಮೊತ್ತಕ್ಕಾಗಿ ಇಷ್ಟು ತೊಡಕೇಕೆ, ಮಗನು ಅನ್ನಬಟ್ಟೆಗೆ ಕಡಿಮೆ ಮಾಡುವನೇ ಎಂದು ಕೇಳುವವರುಂಟು. ಅನ್ನಬಟ್ಟೆಗೆ ಯಾವ ಕೊರತೆಯೂ ಆಗಲಾರದು. ಆದರೆ ನಲವತ್ತು ವರ್ಷ ತನ್ನ ಸಂಪಾದನೆಯಿಂದ ಸಂಸಾರವನ್ನು ನಡೆಸಿದವನು ಕ್ಷೌರಕ್ಕೂ, ಮೊಮ್ಮಗುವಿನ ಪೆಪ್ಪರಮಿಂಟಿಗೂ ಮಗನ ಮುಖವನ್ನು ನೋಡಬೇಕಾದಾಗ ಮನಸ್ಸಿನೊಳಗೆ ಏನೋ ಒಂದು ಕುಗ್ಗುತ್ತದೆ. ಮಗನು ಒಳ್ಳೆಯವನಾದಷ್ಟೂ ಇದನ್ನು ಹೇಳಿಕೊಳ್ಳುವುದು ಕಷ್ಟ. ೧೯೮೨ನೆಯ ಇಸವಿ ಡಿಸೆಂಬರ್ ೧೭ರಂದು ನಕಾರಾ ಎಂಬವರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿಯು ಧಣಿಯು ಕೃಪೆಮಾಡಿ ಕೊಡುವ ದಾನವಲ್ಲ, ದುಡಿದವನ ಹಕ್ಕು ಎಂದು ನಿರ್ಣಯಿಸಿತು. ಹಕ್ಕಿನ ಹಣವು ಹಕ್ಕುದಾರನ ಕೈಗೇ ಸೇರಬೇಕಾದುದು ನ್ಯಾಯ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ನಮ್ಮ ಸರ್ಕಾರಿ ಪಿಂಚಣಿಯನ್ನು ಬೇರುಸಹಿತ ಕಿತ್ತು ಬೇರೆ ದೇಶದಲ್ಲಿ ನೆಡಲು ಬರುವುದಿಲ್ಲ. ಸಂಸ್ಕೃತದಲ್ಲಿ ‘ವೃತ್ತಿ’ ಎಂದರೆ ಜೀವನೋಪಾಯ. ನಮ್ಮ ಶಾಸನಗಳಲ್ಲಿ ವಿದ್ವಾಂಸರಿಗೆ ವೃತ್ತಿಗಳನ್ನು ಬಿಟ್ಟರೆಂದು ಓದುತ್ತೇವೆ. ಆ ವೃತ್ತಿಯು ಊರಿನ ನೆಲಕ್ಕೆ ಅಂಟಿಕೊಂಡದ್ದು. ಪಡೆದವನು ಕಾಶಿಗೆ ಹೋಗಿ ನೆಲಸಿದರೂ ಗದ್ದೆಯು ಕಾಶಿಗೆ ಹೋಗದು. ಫಸಲಿನ ಹಣ ಮಾತ್ರ ಹೋಗಬಲ್ಲುದು. ನಮ್ಮ ಪಿಂಚಣಿಯೂ ಅಂತಹುದೇ. ಇಂಗ್ಲೆಂಡಿನಲ್ಲಿ ಕ್ರಮ ಬೇರೆ. ಅಲ್ಲಿ ಉದ್ಯೋಗದಲ್ಲಿದ್ದು ಅನಂತರ ಆಸ್ಟ್ರೇಲಿಯದಂತಹ ದೇಶಕ್ಕೆ ತೆರಳಿದವರು, ಅಲ್ಲಿ ಕೂಡಿಟ್ಟ ಪಿಂಚಣಿಯ ನಿಧಿಯನ್ನೇ ಆ ಸರ್ಕಾರವು ಅಂಗೀಕರಿಸಿದ ಹೊರನಾಡಿನ ನಿಧಿಗೆ ವರ್ಗಾಯಿಸಿಕೊಳ್ಳಬಹುದು. ಅದಕ್ಕೆ ವಯಸ್ಸಿನ ಮತ್ತು ವಾಸಸ್ಥಳದ ಕಟ್ಟಳೆಗಳುಂಟು. ೨೦೧೭ರ ಮಾರ್ಚ್ ೯ರಿಂದೀಚೆಗೆ ಆ ಕಟ್ಟಳೆಗಳಿಗೆ ಹೊಂದದ ವರ್ಗಾವಣೆಗೆ ನೂರಕ್ಕೆ ೨೫ರಂತೆ ತೆರಿಗೆ ಬೀಳುತ್ತದೆ. ಅಂತಹ ಮಕ್ಕಳಿರುವ ಮನೆಗಳವರು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು. ನಮ್ಮ ಪ್ರಕೃತ ವಿಷಯ ಅದಲ್ಲ.

ಪಿಂಚಣಿ ಕಡಲು ದಾಟುವುದು ನಮ್ಮ ದೇಶಕ್ಕೆ ಹೊಸತೇನೂ ಅಲ್ಲ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಇಲ್ಲಿ ಅಧಿಕಾರ ಮಾಡಿ ಸ್ವದೇಶಕ್ಕೆ ಮರಳಿದ ಆಂಗ್ಲ ಅಧಿಕಾರಿಗಳ ಪಿಂಚಣಿಯು ಬಹುಕಾಲ ಭಾರತದ ಬೊಕ್ಕಸದಿಂದಲೇ ಲಂಡನ್ನಿಗೆ ಹೋಗುತ್ತಿದ್ದಿತು. ‘ಹೋಂ ಚಾರ್ಜಸ್’ ಎಂಬ ಆ ವೆಚ್ಚವನ್ನು ಕುರಿತು ದಾದಾಭಾಯಿ ನವರೋಜಿಯವರು ಎಷ್ಟೋ ವರ್ಷ ವಾದಿಸಿದರು. ಸ್ವಾತಂತ್ರ್ಯ ಬಂದ ಮೇಲೆ, ೧೯೪೮ರ ಸ್ಟರ್ಲಿಂಗ್ ಶಿಲ್ಕಿನ ಒಪ್ಪಂದದಲ್ಲಿ, ಈ ಹೊಣೆಗಾಗಿ ನಮ್ಮ ಸರ್ಕಾರವು ದೊಡ್ಡ ಮೊತ್ತವೊಂದನ್ನು ಬ್ರಿಟಿಷ್ ಸರ್ಕಾರಕ್ಕೆ ಕೊಡಬೇಕಾಯಿತು. ಆಗ ಅವರಿಗಾಗಿ ಸರ್ಕಾರಗಳೇ ವ್ಯವಹರಿಸಿದುವು. ನಮ್ಮ ಮೇಷ್ಟರು ತಮ್ಮ ಕೆಲಸವನ್ನು ತಾವೇ ನೋಡಿಕೊಳ್ಳಬೇಕು.

ಇನ್ನು ಕಾರ್ಯಕ್ರಮ. ಆರು ತಿಂಗಳು ಮಗಳ ಬಾಣಂತನಕ್ಕೆಂದು ಹೋಗಿಬರುವುದು ಬೇರೆ, ನೆಲಸಲು ಹೋಗುವುದು ಬೇರೆ. ಹೋಗಿಬರುವವರು ಭಾರತದ ನಿವಾಸಿಗಳಾಗಿಯೇ ಉಳಿಯುತ್ತಾರೆ. ಅವರ ಬ್ಯಾಂಕಿನ ಖಾತೆಗೆ ಏನನ್ನೂ ಮಾಡಬೇಕಾದುದಿಲ್ಲ. ನೆಲಸುವ ಉದ್ದೇಶದಿಂದ ಹೋದವರು ೧೯೯೯ರ ವಿದೇಶೀ ವಿನಿಮಯ ನಿರ್ವಹಣಾ ಅಧಿನಿಯಮದ ಮೇರೆಗೆ ಅನಿವಾಸಿಗಳಾಗುತ್ತಾರೆ. ಅಂತಹವರು ತಮ್ಮ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್.ಆರ್.ಒ. ಖಾತೆಯನ್ನಾಗಿ, ಎಂದರೆ ಅನಿವಾಸಿಗಳ ಸಾಧಾರಣ ಖಾತೆಯನ್ನಾಗಿ, ಮಾರ್ಪಡಿಸಿಕೊಳ್ಳಬೇಕು. ‘ಯಾರಿಗೆ ತಿಳಿಯುತ್ತದೆ, ಸುಮ್ಮನಿರಿ’ ಎನ್ನುವ ಹಿತೈಷಿಗಳು ಎಲ್ಲ ಬೀದಿಯಲ್ಲಿಯೂ ಇದ್ದಾರೆ. ಅವರ ಮಾತನ್ನು ಕೇಳಬಾರದು. ಹಣವನ್ನು ಹೊರಗೆ ಕಳುಹಿಸಬೇಕೆಂದ ದಿನ, ಮುಚ್ಚಿಟ್ಟ ಈ ಸಂಗತಿಯೇ ಅಡ್ಡ ನಿಲ್ಲುತ್ತದೆ. ಮಾರ್ಪಾಡಿನಲ್ಲಿ ಖಾತೆಯ ಸಂಖ್ಯೆ ಬದಲಾದರೆ ಪಿಂಚಣಿ ಪಾವತಿ ಮಾಡುವ ಕಚೇರಿಗೆ ಬರೆದು ತಿಳಿಸಿ, ಒಂದು ತಿಂಗಳ ಹಣವಾದರೂ ಹೊಸ ಖಾತೆಗೆ ಜಮಾ ಆದುದನ್ನು ಕಣ್ಣಾರೆ ಕಂಡು ಹೊರಡುವುದು ಉತ್ತಮ.

ಎನ್.ಆರ್.ಒ. ಖಾತೆಯಿಂದ ಹೊರದೇಶಕ್ಕೆ ಹಣ ಕಳುಹಿಸಲು ಹಣಕಾಸಿನ ವರ್ಷವೊಂದಕ್ಕೆ ಹತ್ತು ಲಕ್ಷ ಡಾಲರುಗಳ ಮಿತಿಯುಂಟೆಂದು ಕೇಳಿ ಗಾಬರಿಪಡುವವರನ್ನು ಕಂಡಿದ್ದೇವೆ. ಮೇಷ್ಟರ ಪಿಂಚಣಿಗೆ ಆ ಮಿತಿಯ ಭಯವೇಕೆ? ಅದಲ್ಲದೆ ಪಿಂಚಣಿ, ಬಾಡಿಗೆ, ಬಡ್ಡಿ ಮುಂತಾದವು ಚಾಲ್ತಿ ಆದಾಯವೆನಿಸಿ, ತೆರಿಗೆಯನ್ನು ತೆತ್ತ ಮೇಲೆ ಆ ಮಿತಿಗೆ ಒಳಪಡದೆಯೇ ಹೋಗಬಲ್ಲುವು.

ತೆರಿಗೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ತೆರಿಗೆಯ ಶಾಸ್ತ್ರವು ನಿವಾಸವನ್ನು ದಿನಗಳ ಎಣಿಕೆಯಿಂದ ನಿಶ್ಚಯಿಸುತ್ತದೆ. ೨೦೨೫-೨೬ನೆಯ ಹಣಕಾಸಿನ ವರ್ಷದ ಹೊಸ ಪದ್ಧತಿಯಲ್ಲಿ, ಹನ್ನೆರಡು ಲಕ್ಷದ ವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲವೆಂದು ಎಲ್ಲರೂ ಸಂತೋಷಪಟ್ಟರಷ್ಟೆ. ಅದು ರಿಯಾಯಿತಿಯ ಬಲದಿಂದ ದೊರೆತ ಸೌಲಭ್ಯ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ವರ್ಷಕ್ಕೆ ಆರು ಲಕ್ಷ ಪಿಂಚಣಿ ಬರುವವರು ಇಲ್ಲಿರುವ ತನಕ ಕಾಸೂ ಕೊಡಬೇಕಾಗಿರಲಿಲ್ಲ. ಅನಿವಾಸಿಗಳಾದೊಡನೆ, ೭೫,೦೦೦ ರೂಪಾಯಿಗಳ ನಿಯತ ಕಡಿತವನ್ನೂ ನಾಲ್ಕು ಲಕ್ಷದ ವಿನಾಯಿತಿಯನ್ನೂ ಕಳೆದು ಉಳಿದ ೧,೨೫,೦೦೦ಕ್ಕೆ ನೂರಕ್ಕೆ ಐದರಂತೆ ೬,೨೫೦, ಅದರ ಮೇಲೆ ಉಪಕರ ೨೫೦, ಒಟ್ಟು ೬,೫೦೦ ರೂಪಾಯಿ ತೆರಬೇಕಾಯಿತು. ದೊಡ್ಡ ಮೊತ್ತವಲ್ಲ. ಆದರೆ ಗೊತ್ತಿಲ್ಲದೆ ಬಿಟ್ಟರೆ ನೋಟೀಸು ಬರುವುದು ಬೀಗ ಹಾಕಿದ ಮನೆಗೆ.

ಹಣ ಕಳುಹಿಸುವಾಗ ಬ್ಯಾಂಕಿನವರು ತೆರಿಗೆ ಸಂದಾಯವಾಗಿದೆಯೆಂಬ ಘೋಷಣೆಯನ್ನೂ, ಮೊತ್ತವು ದೊಡ್ಡದಾದರೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಇವು ೧೫ಸಿಎ, ೧೫ಸಿಬಿ ಎಂಬ ಹೆಸರಿನಿಂದ ಬಹುಕಾಲ ಪರಿಚಿತವಾದವು. ೨೦೨೫ರ ಹೊಸ ಆದಾಯ ತೆರಿಗೆ ಅಧಿನಿಯಮವು ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬರುವಂತೆ ವಿಧಿಸಲ್ಪಟ್ಟುದರಿಂದ, ಹಳೆಯ ನಮೂನೆಯ ಸಂಖ್ಯೆಗಳನ್ನು ನಂಬದೆ, ಈಗಿನ ನಮೂನೆ ಯಾವುದೆಂದು ಬ್ಯಾಂಕಿನಲ್ಲಿಯೇ ಕೇಳತಕ್ಕದ್ದು. ಅಕೌಂಟೆಂಟರಿಗೆ ಕೊಡುವ ಶುಲ್ಕವು ಸಾರ್ಥಕವಾದ ವೆಚ್ಚ. ದಲ್ಲಾಳಿಗೆ ಕೊಡುವುದನ್ನು ಹಾಗೆ ಹೇಳಲಾರೆವು.

ಕಳುಹಿಸುವ ಖರ್ಚು ಎರಡು ಬಗೆ. ಒಂದು, ಕಣ್ಣಿಗೆ ಕಾಣುವ ನಿಗದಿಯಾದ ಶುಲ್ಕ. ಇನ್ನೊಂದು, ವಿನಿಮಯದ ದರದೊಳಗೆ ಅಡಗಿರುವ ವಟ್ಟ. ಲೆಕ್ಕಕ್ಕಾಗಿ ಡಾಲರಿಗೆ ೮೫ ರೂಪಾಯಿ ಪೇಟೆಯ ದರವೆಂದು ಹಿಡಿಯೋಣ. ೪೨,೫೦೦ ರೂಪಾಯಿಗೆ ೫೦೦ ಡಾಲರು ಬರಬೇಕು. ಬ್ಯಾಂಕು ೮೬ ರೂಪಾಯಿ ೭೦ ಪೈಸೆಯ ದರವನ್ನು ಹಾಕಿದರೆ ಬರುವುದು ೪೯೦. ಹತ್ತು ಡಾಲರು ಸದ್ದಿಲ್ಲದೆ ಹೋಯಿತು. ಇದರ ಮೇಲೆ ಎರಡೂ ಕಡೆಯ ಬ್ಯಾಂಕುಗಳ ನಿಗದಿ ಶುಲ್ಕ ೨೫ ಡಾಲರು ಎಂದಿಟ್ಟುಕೊಂಡರೆ, ತಿಂಗಳು ತಿಂಗಳು ಕಳುಹಿಸುವವನು ವರ್ಷಕ್ಕೆ ೩೦೦ ಡಾಲರು ತೆರುತ್ತಾನೆ. ಮೂರು ತಿಂಗಳಿಗೊಮ್ಮೆ ಕಳುಹಿಸುವವನು ೧೦೦ ಮಾತ್ರ. ಆದಕಾರಣ ಕೂಡಿಸಿ ಕಳುಹಿಸುವುದು ಮೇಲು. ‘ಶುಲ್ಕವೇ ಇಲ್ಲ’ ಎಂಬ ಜಾಹೀರಾತನ್ನು ಕಂಡಾಗ ಆ ದಿನದ ಪೇಟೆಯ ದರದೊಡನೆ ಅವರ ದರವನ್ನು ಹೋಲಿಸಿ ನೋಡಬೇಕು.

ಎಲ್ಲಕ್ಕಿಂತ ಮಿಗಿಲಾದ ಕಾಗದವೆಂದರೆ ಜೀವಂತವಾಗಿದ್ದೇನೆಂಬ ಪ್ರಮಾಣಪತ್ರ. ತಾನು ಬದುಕಿರುವೆನೆಂದು ಇನ್ನೊಬ್ಬರಿಂದ ಬರೆಸಿ ತರಬೇಕಾದುದು ವಿಚಿತ್ರವೇ ಸರಿ. ಆದರೆ ಬೊಕ್ಕಸಕ್ಕೆ ಬೇರೆ ದಾರಿ ಇಲ್ಲ. ಸಾಮಾನ್ಯವಾಗಿ ಪ್ರತಿ ನವೆಂಬರಿನಲ್ಲಿ ಅದು ಸಲ್ಲಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ ಎಂಬತ್ತು ತುಂಬಿದವರು ಅಕ್ಟೋಬರ್ ೧ರಿಂದಲೇ ಸಲ್ಲಿಸಬಹುದು. ನಮ್ಮ ಪರಿಚಿತರೊಬ್ಬರು ಮಗಳ ಮನೆಗೆ ಹೋಗಿ ನೆಲಸಿದರು. ಇಲ್ಲಿಯ ವ್ಯವಹಾರವನ್ನೆಲ್ಲ ಅಣ್ಣನ ಮಗನಿಗೆ ಒಪ್ಪಿಸಿ, ಒಂದು ಪುಸ್ತಕದ ಚೆಕ್ಕುಗಳಿಗೆಲ್ಲ ಖಾಲಿಯಾಗಿಯೇ ರುಜು ಹಾಕಿಕೊಟ್ಟಿದ್ದರು. ನವೆಂಬರು ಕಳೆಯಿತು, ಪತ್ರ ಹೋಗಲಿಲ್ಲ, ಪಿಂಚಣಿ ನಿಂತಿತು. ನಿಂತ ಸಂಗತಿ ಅವರಿಗೆ ತಿಳಿದದ್ದು ಯುಗಾದಿಯ ಹೊತ್ತಿಗೆ. ಪತ್ರ ಸಲ್ಲಿಸಿದ ಮೇಲೆ ಬಾಕಿಯೆಲ್ಲ ಬಂದಿತೆಂಬುದು ನಿಜ. ಚೆಕ್ಕುಗಳಲ್ಲಿ ಹೋದುದು ಮಾತ್ರ ಬರಲಿಲ್ಲ. ಅವರೂ ಅದನ್ನು ಕೇಳಲಿಲ್ಲ; ಕೇಳಿದ್ದರೆ ಅಣ್ಣನ ಮನೆಯ ಬಾಗಿಲೇ ಮುಚ್ಚುತ್ತಿತ್ತು.

೨೦೧೪ರ ನವೆಂಬರಿನಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಏರ್ಪಾಡಿನಲ್ಲಿ ಆಧಾರದ ಬೆರಳಚ್ಚಿನಿಂದಲೂ, ೨೦೨೧ರ ನವೆಂಬರಿನಿಂದ ಮೊಬೈಲಿನಲ್ಲಿ ಮುಖವನ್ನು ತೋರಿಸುವುದರಿಂದಲೂ ಈ ಕಾರ್ಯವಾಗುತ್ತದೆ. ಹೊರಡುವ ಮುಂಚೆ ಇಲ್ಲಿಯೇ ಒಮ್ಮೆ ಮಾಡಿ ಅಭ್ಯಾಸಮಾಡಿಕೊಳ್ಳಬೇಕು. ಇಲ್ಲಿಯ ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಟ್ಟಿರಬೇಕು. ಯಂತ್ರವೊಂದನ್ನೇ ನೆಚ್ಚಬಾರದು. ಅಮೆರಿಕದಲ್ಲಿ ನ್ಯೂಯಾರ್ಕ್, ಷಿಕಾಗೋ, ಹ್ಯೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೋ ಮುಂತಾದ ಊರುಗಳಲ್ಲಿ ನಮ್ಮ ದೂತಾವಾಸದ ಕಚೇರಿಗಳಿವೆ. ಅಲ್ಲಿಯ ಅಧಿಕಾರಿಗಳು ಪತ್ರಕ್ಕೆ ರುಜು ಹಾಕುತ್ತಾರೆ. ಕೇಂದ್ರದ ನಿಯಮದಲ್ಲಿ ನೋಟರಿ, ಮ್ಯಾಜಿಸ್ಟ್ರೇಟ್, ಬ್ಯಾಂಕಿನ ಅಧಿಕಾರಿ ಇವರ ರುಜುವಿಗೂ ಅವಕಾಶವಿದೆ. ರಾಜ್ಯ ಸರ್ಕಾರದ ಪಿಂಚಣಿದಾರರು ತಮ್ಮ ಖಜಾನೆಯವರು ಯಾರ ರುಜುವನ್ನು ಒಪ್ಪುವರೆಂದು ಮೊದಲೇ ವಿಚಾರಿಸಿ, ಅವರ ನಮೂನೆಯ ನಾಲ್ಕಾರು ಪ್ರತಿಗಳನ್ನು ಪೆಟ್ಟಿಗೆಯಲ್ಲಿ ಒಯ್ಯತಕ್ಕದ್ದು.

ಇಲ್ಲಿ ಯಾರಾದರೊಬ್ಬರ ನೆರವು ಬೇಕೇ ಬೇಕೆಂದರೆ, ರುಜು ಹಾಕಿದ ಖಾಲಿ ಚೆಕ್ಕಿಗೆ ಬದಲಾಗಿ ಮುಖ್ತಾರುನಾಮೆಯನ್ನು, ಎಂದರೆ ಪವರ್ ಆಫ್ ಅಟಾರ್ನಿಯನ್ನು, ಬರೆದುಕೊಡಬಹುದು. ಅದನ್ನು ಪಡೆದವರು ಎನ್.ಆರ್.ಒ. ಖಾತೆಯಿಂದ ಇಲ್ಲಿಯ ಬಟವಾಡೆಗಳನ್ನು ಮಾಡಬಹುದು. ಹೊರದೇಶಕ್ಕೆ ಕಳುಹಿಸುವುದಾದರೆ ಖಾತೆದಾರನಿಗೇ ಹೊರತು ಮತ್ತಾರಿಗೂ ಕಳುಹಿಸುವಂತಿಲ್ಲ. ನಿವಾಸಿ ಬಂಧುವನ್ನು ಜಂಟಿಯಾಗಿ ಸೇರಿಸಿಕೊಳ್ಳುವುದಾದರೆ ‘ಮೊದಲನೆಯವರು ಅಥವಾ ಉಳಿದವರು’ ಎಂಬ ಕ್ರಮದಲ್ಲಿ ಮಾತ್ರ ಸೇರಿಸಬಹುದು. ಮೊದಲನೆಯವರು ಬದುಕಿರುವವರೆಗೆ ಎರಡನೆಯವರು ಖಾತೆಯನ್ನು ಮುಟ್ಟುವಂತಿಲ್ಲ. ಈ ಕಟ್ಟಳೆಯನ್ನು ಮಾಡಿದವರು ಕೂಡುಕುಟುಂಬವನ್ನು ಚೆನ್ನಾಗಿ ಬಲ್ಲವರಾಗಿರಬೇಕು.

ಅಲ್ಲಿಗೆ ಸೇರಿದ ಮೇಲೂ ಒಂದು ಕರ್ತವ್ಯವಿದೆ. ಶಾಶ್ವತ ನಿವಾಸದ ಹಕ್ಕು ಪಡೆದವರು ಲೋಕದ ಯಾವ ಮೂಲೆಯ ಆದಾಯವನ್ನಾದರೂ ಅಮೆರಿಕದ ತೆರಿಗೆ ಪತ್ರದಲ್ಲಿ ತೋರಿಸಬೇಕು; ಇಲ್ಲಿ ತೆತ್ತ ತೆರಿಗೆಯನ್ನು ಅಲ್ಲಿ ವಜಾಮಾಡಿಕೊಳ್ಳಲು ಅವಕಾಶವುಂಟು. ಅವರ ವರ್ಷ ಜನವರಿಯಿಂದ, ನಮ್ಮದು ಏಪ್ರಿಲಿನಿಂದ. ಲೆಕ್ಕದ ಪುಸ್ತಕವನ್ನು ತಿಂಗಳುವಾರಾಗಿ ಬರೆದಿಟ್ಟರೆ ಗೊಂದಲವಿಲ್ಲ. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದೇ ದಿನ ೧೦,೦೦೦ ಡಾಲರು ಮೀರಿದರೆ ಆ ಖಾತೆಗಳ ವಿವರವನ್ನೂ ಬೇರೆಯಾಗಿ ತಿಳಿಸಬೇಕು. ಅದಕ್ಕೆ ಶುಲ್ಕವಿಲ್ಲ, ತಪ್ಪಿದರೆ ದಂಡ ಮಾತ್ರ ಭಾರಿಯಾದುದು. ಅವರಿಗೆ ನಮ್ಮ ಎನ್.ಆರ್.ಒ. ಖಾತೆಯೂ ಮುದ್ದತಿನ ಠೇವಣಿಯೂ ಹೊರದೇಶದ ಖಾತೆಗಳೇ.

ಎಷ್ಟನ್ನು ಕಳುಹಿಸಬೇಕು? ಎಲ್ಲವನ್ನೂ ಬೇಡ. ಮನೆಗಂದಾಯ, ವಿಮೆಯ ಕಂತು, ವೈದಿಕರ ದಕ್ಷಿಣೆ ಮೊದಲಾದ ಇಲ್ಲಿಯ ಖರ್ಚಿಗೂ, ಮನಸ್ಸು ಅಲ್ಲಿ ನಿಲ್ಲದೆ ಹಿಂದಿರುಗಬೇಕೆಂದಾಗ ಒಂದು ವರ್ಷ ನಡೆಸುವುದಕ್ಕೂ ಸಾಕಾಗುವಷ್ಟು ಇಲ್ಲಿಯೇ ಉಳಿಯಲಿ. ಅರುವತ್ತೈದು ಮೀರಿ ಹೋದವರು ಐದು ವರ್ಷ ಎಡೆಬಿಡದೆ ಅಲ್ಲಿ ವಾಸಮಾಡಿದ ಬಳಿಕವೇ, ಕಂತು ತೆತ್ತು, ಮೆಡಿಕೇರ್ ಎಂಬ ಸರ್ಕಾರಿ ವೈದ್ಯವಿಮೆಗೆ ಸೇರಬಹುದು. ಅಲ್ಲಿಯವರೆಗೆ ವೈದ್ಯದ ಖರ್ಚು ಯಾರದೆಂದು ಮಗನೊಡನೆ ಬಾಯಿಬಿಟ್ಟು ಮಾತನಾಡಿಯೇ ಹೊರಡಬೇಕು. ಕಳುಹಿಸಿದ ಹಣವು ಮಗನ ಖಾತೆಗೆ ಬೀಳುವುದಕ್ಕಿಂತ, ಅಲ್ಲಿ ದಂಪತಿಗಳ ಹೆಸರಿನಲ್ಲಿಯೇ ತೆರೆದ ಖಾತೆಗೆ ಬೀಳಲಿ. ಮಗನ ಮೇಲಣ ಅಪನಂಬಿಕೆಯಿಂದ ಹೀಗೆ ಹೇಳುತ್ತಿಲ್ಲ; ತಾಯಿಯು ಪರ್ಸಿನಿಂದ ಹಣ ತೆಗೆದು ಸೊಸೆಗೆ ಹಬ್ಬದ ಸೀರೆ ತರುವುದರಲ್ಲಿ ಒಂದು ಸೊಗಸಿದೆ.

ಕಾಗದ ಬರೆದ ಗೃಹಿಣಿಯವರು ಕೇಳದಿದ್ದರೂ ನಾವು ಹೇಳಬೇಕಾದುದೊಂದಿದೆ. ಯಜಮಾನರ ತರುವಾಯ ಕುಟುಂಬ ಪಿಂಚಣಿಯು ಅವರಿಗೆ ಸಲ್ಲತಕ್ಕದ್ದು. ಪಿಂಚಣಿ ಪಾವತಿ ಆದೇಶದಲ್ಲಿ ಅವರ ಹೆಸರೂ ಹುಟ್ಟಿದ ತಾರೀಖೂ ಸರಿಯಾಗಿವೆಯೇ, ಆಧಾರದಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದುತ್ತವೆಯೇ ಎಂದು ಈಗಲೇ ನೋಡಬೇಕು. ತಿದ್ದುಪಡಿಯು ಇಲ್ಲಿದ್ದಾಗ ಒಂದು ಅರ್ಜಿಯ ಕೆಲಸ. ಅಲ್ಲಿಂದಾದರೆ ವರ್ಷದ ಕೆಲಸ. ಹೊರದೇಶದಲ್ಲಿ ಮರಣವಾದರೆ ಅಲ್ಲಿಯ ಮರಣಪತ್ರಕ್ಕೆ ‘ಅಪಾಸ್ಟೀಲ್’ ಎಂಬ ಮುದ್ರೆಯನ್ನು ಹಾಕಿಸಿ ಕಳುಹಿಸುವ ಕ್ರಮವುಂಟು. ೨೦೦೫ರಿಂದ ನಮ್ಮ ದೇಶವೂ ಆ ಒಡಂಬಡಿಕೆಯಲ್ಲಿ ಸೇರಿದೆ. ಪಾವತಿ ಆದೇಶದ ಮೂರು ಪ್ರತಿಗಳನ್ನು ತೆಗೆಸಿ, ಒಂದನ್ನು ಮಗನಿಗೂ ಒಂದನ್ನು ಇಲ್ಲಿಯ ನಂಬಿಕೆಯ ಬಂಧುವಿಗೂ ಕೊಟ್ಟು, ಮೂರನೆಯದನ್ನು ಪತ್ನಿಯವರು ತಮ್ಮ ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು.