ಹರಿಶ್ಚಂದ್ರ ಘಾಟಿನ ನೆಲದೆರೆ

ಕಾಶಿಯಲ್ಲಿ ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ, ಹಿಂದೆ ಮೈಸೂರು ಸಂಸ್ಥಾನ ಕಟ್ಟಿಸಿದ ಸೋಪಾನಪಂಕ್ತಿಯೊಂದಿದೆ. ಈಗ ಅದಕ್ಕೆ ಕರ್ನಾಟಕ ಘಾಟ್ ಎಂದು ಹೆಸರು. ಕೆಲವು ವರ್ಷಗಳ ಹಿಂದೆ ಅಲ್ಲಿ ಕುಳಿತಿದ್ದಾಗ, ನಮ್ಮ ಕಡೆಯಿಂದಲೇ ಬಂದಿದ್ದ ಹಿರಿಯ ಯಾತ್ರಿಕರೊಬ್ಬರು ತಮ್ಮ ಊರಿನ ಶಾಸಕರ ಮಾತೆತ್ತಿದರು. "ತಿಂತಾರೆ ಸ್ವಾಮಿ, ಇಲ್ಲ ಅನ್ನೋಲ್ಲ. ಆದರೆ ಕೆಲಸ ಮಾಡಿಕೊಡ್ತಾರೆ. ಈ ಕಾಲದಲ್ಲಿ ಸತ್ಯಹರಿಶ್ಚಂದ್ರನನ್ನ ಎಲ್ಲಿಂದ ತರೋಣ?" ಎಂದರು. ಹರಿಶ್ಚಂದ್ರನ ಹೆಸರಿನ ಸ್ಮಶಾನದ ಹೊಗೆ ಆಗ ನಮ್ಮಿಬ್ಬರ ಮುಖಕ್ಕೂ ಬಡಿಯುತ್ತಿತ್ತು.

ಅವರ ಮಾತು ಅಪರೂಪದ್ದೇನೂ ಅಲ್ಲ. ಕನ್ನಡದ ಆಡುಮಾತಿನಲ್ಲಿ ಹರಿಶ್ಚಂದ್ರನ ಹೆಸರು ಪೂಜೆಗೆ ಬಳಕೆಯಾಗುವಷ್ಟೇ ಕುಹಕಕ್ಕೂ ಬಳಕೆಯಾಗುತ್ತದೆ. ಲಂಚ ಮುಟ್ಟದ ಗುಮಾಸ್ತನನ್ನು 'ಸತ್ಯಹರಿಶ್ಚಂದ್ರನ ಮೊಮ್ಮಗ' ಎಂದು ಹಂಗಿಸುವವರು, 1965ರ ಚಲನಚಿತ್ರದಲ್ಲಿ ರಾಜಕುಮಾರರ ಹರಿಶ್ಚಂದ್ರನನ್ನು ಕಂಡು ಕಣ್ಣೀರು ಹಾಕಿದವರೇ. ಇದರಲ್ಲಿ ವಿರೋಧವಿಲ್ಲ. ಅಳತೆಗೋಲನ್ನು ಮುಗಿಲಿಗೆ ನೇತುಹಾಕಿಬಿಟ್ಟರೆ ನೆಲದ ಮೇಲಿರುವ ಯಾರನ್ನೂ ಅಳೆಯಬೇಕಾಗಿಲ್ಲ. ಈ ಅನುಕೂಲ ರಾಜಕಾರಣಿಗೆ ಎಷ್ಟು ಬೇಕೋ ಮತದಾರನಿಗೂ ಅಷ್ಟೇ ಬೇಕು.

ಸಹನೆಯ ಇನ್ನೊಂದು ಸಾಧನ ಪದಕೋಶ. ಲಂಚವೆಂಬುದು ಯಾವಾಗಲೂ ಪರರು ತಿನ್ನುವ ವಸ್ತು. ನಾವು ಕೊಡುವುದು ಮಾಮೂಲು, ಇಲ್ಲವೆ ಕೈಬಿಸಿ. ಗುತ್ತಿಗೆಯ ವ್ಯವಹಾರದಲ್ಲಿ ಕಮಿಷನ್. ಉತ್ತರಪ್ರದೇಶದ ಜನ ಇದಕ್ಕೆ 'ಸುವಿಧಾ ಶುಲ್ಕ' ಎಂಬ ಸಂಸ್ಕೃತಭೂಯಿಷ್ಠ ಹೆಸರನ್ನೇ ಕೊಟ್ಟಿದ್ದಾರೆ. ಒಮ್ಮೆ ದಾಖಲೆಯ ನಕಲೊಂದಕ್ಕಾಗಿ ಕಚೇರಿಯೊಂದರಲ್ಲಿ ನಾನೂ ಹಣ ತೆತ್ತಿದ್ದೇನೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು 'ಓಡಾಟದ ಖರ್ಚು' ಎಂದು ಬರೆದೆ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಾದ ತಿದ್ದುಪಡಿಯಂತೆ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನಗಳೊಳಗೆ ದೂರು ಸಲ್ಲಿಸಬೇಕು. ನನ್ನ ಖರ್ಚು ಅದಕ್ಕಿಂತ ಹಿಂದಿನದು. ಅಂಥ ನಿಯಮ ಆಗ ಇದ್ದಿದ್ದರೂ ನಾನು ದೂರು ಕೊಡುತ್ತಿರಲಿಲ್ಲವೆಂಬುದು ಬೇರೆ ಮಾತು.

ಕರ್ನಾಟಕದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಮಂತ್ರಿಗೆ ಬರೆದ ಪತ್ರವನ್ನು ಇಲ್ಲಿ ನೆನೆಯಬಹುದು. ಕಾಮಗಾರಿಗಳಲ್ಲಿ ಶೇಕಡಾ 40ರಷ್ಟು ಕಮಿಷನ್ ಕೇಳಲಾಗುತ್ತಿದೆಯೆಂಬ ಆ ಆರೋಪವನ್ನು ಅಂದಿನ ಸರ್ಕಾರ ಅಲ್ಲಗಳೆಯಿತು. 2023ರ ಚುನಾವಣೆಯಲ್ಲಿ ಅದು ಘೋಷಣೆಯಾಯಿತು. ಆರೋಪದ ಸತ್ಯಾಸತ್ಯ ಈ ಲೇಖನದ ವಿಷಯವಲ್ಲ. ಜನರ ಕೋಪ ಯಾವುದರ ಮೇಲಿತ್ತು ಎಂಬುದು ನನ್ನ ಕುತೂಹಲ. ಅದು ಕಮಿಷನ್ನಿನ ಮೇಲಲ್ಲ, ನಲವತ್ತರ ಮೇಲೆ. "ಹತ್ತಾದರೆ ಸರಿ, ನಲವತ್ತು ಅನ್ಯಾಯ" ಎಂಬ ಮಾತನ್ನು ಸಭ್ಯರ ಬಾಯಲ್ಲೇ ಕೇಳಿದ್ದೇನೆ. ಧರ್ಮದ ಪ್ರಶ್ನೆ ಹೀಗೆ ದರದ ಪ್ರಶ್ನೆಯಾಯಿತು. (1909ರಲ್ಲಿ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯ ರಾಜದ್ರವ್ಯಾಪಹರಣದ ಮಾರ್ಗಗಳನ್ನು ಎಣಿಸುತ್ತಾನೆ, ಅವೂ ನಲವತ್ತೇ. ಇದು ಆಕಸ್ಮಿಕ.)

ಕಾಶಿಯ ಮತದಾರರಿಗೆ 2014ರಲ್ಲಿ ಭ್ರಷ್ಟಾಚಾರ ವಿರೋಧಿ ಚಳವಳಿಯಿಂದಲೇ ಹುಟ್ಟಿದ ಪಕ್ಷದ ನಾಯಕ ಅರವಿಂದ ಕೇಜ್ರಿವಾಲರು ಅಭ್ಯರ್ಥಿಯಾಗಿ ದೊರೆತರು. ಅವರಿಗೆ ಸುಮಾರು ಎರಡು ಲಕ್ಷ, ನರೇಂದ್ರ ಮೋದಿಯವರಿಗೆ ಐದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಮತಗಳು ಬಂದವು. ಇದರಿಂದ ಕಾಶಿಯ ಜನ ಭ್ರಷ್ಟಾಚಾರವನ್ನು ಒಪ್ಪಿದರೆಂದು ತೀರ್ಮಾನಿಸುವುದು ಅವಿವೇಕ. ಇಬ್ಬರೂ ಅದನ್ನು ಖಂಡಿಸಿಯೇ ಮತ ಕೇಳಿದ್ದರು. ಭ್ರಷ್ಟಾಚಾರವನ್ನು ಬೆಂಬಲಿಸುವ ಪಕ್ಷವೇ ನಮ್ಮಲ್ಲಿಲ್ಲ. ಆದರೂ ಕರ್ನಾಟಕದಲ್ಲಿ ಲೋಕಾಯುಕ್ತದ ತನಿಖಾಧಿಕಾರವನ್ನು 2016ರಲ್ಲಿ ಸರ್ಕಾರದ ಅಧೀನದ ದಳವೊಂದಕ್ಕೆ ವರ್ಗಾಯಿಸಲಾಯಿತು; 2022ರಲ್ಲಿ ಆ ದಳವನ್ನು ಉಚ್ಚನ್ಯಾಯಾಲಯವೇ ರದ್ದುಮಾಡಬೇಕಾಯಿತು. ಅಧಿಕಾರದಲ್ಲಿರುವವರೆಗೆ ಯಾವ ಪಕ್ಷಕ್ಕೂ ಅದರ ರದ್ದತಿಗೆ ಆತುರವಿರಲಿಲ್ಲ.

ಯಾತ್ರಿಕರ ಮಾತಿಗೆ ಮರಳುತ್ತೇನೆ. ರಾಘವಾಂಕನ ಹರಿಶ್ಚಂದ್ರನನ್ನು ನಾವು ತಪ್ಪು ಸ್ಥಳದಲ್ಲಿ ಓದುತ್ತಿದ್ದೇವೆಂದು ನನ್ನ ಅನುಮಾನ. ನಮ್ಮ ಕಣ್ಣು ರಾಜ್ಯವನ್ನೇ ಧಾರೆಯೆರೆದ ಅರಸನ ಮೇಲೆ ನೆಟ್ಟಿದೆ. ಆದರೆ ರಾಜ್ಯ ಅವನ ಸ್ವಂತ ಸೊತ್ತೇ? ತನ್ನ ಹಟಕ್ಕಾಗಿ ಪ್ರಜೆಗಳ ನಾಡನ್ನು ಮುನಿಗೆ ಕೊಟ್ಟುಬಿಡುವ ದೊರೆಯಲ್ಲಿ, ಸಾರ್ವಜನಿಕ ದ್ರವ್ಯದಿಂದ ದಾನಶೂರನೆನಿಸಿಕೊಳ್ಳುವ ಇಂದಿನ ನಾಯಕನ ಛಾಯೆ ಇಲ್ಲದಿಲ್ಲ. ಅನಾಮಿಕ ಕನ್ನೆಯರನ್ನು ಕುಲದ ಕಾರಣಕ್ಕೆ ನಿರಾಕರಿಸಿದ ಈ ಅರಸನೇ ಕಾಶಿಯಲ್ಲಿ ಚಂಡಾಲ ವೀರಬಾಹುಕನ ಆಳಾಗುತ್ತಾನೆ. ಅಲ್ಲಿ ಅವನದು ಸುಡುಗಾಡಿನ ಕಾವಲು, ನೆಲದೆರೆಯ ವಸೂಲಿ. ಇಂದಿನ ಭಾಷೆಯಲ್ಲಿ ಕೆಳದರ್ಜೆಯ ನೌಕರಿ.

ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಚಂದ್ರಮತಿ ಅಲ್ಲಿಗೇ ಬರುತ್ತಾಳೆ. ಸತಿಪತಿಯರಿಗೆ ಪರಸ್ಪರ ಗುರುತು ಸಿಗುತ್ತದೆ. ತೆರೆ ಮಾತ್ರ ಮಾಫಿಯಾಗುವುದಿಲ್ಲ, ಏಕೆಂದರೆ ಅದು ಒಡೆಯನದು, ಅವನದಲ್ಲ. ಹಣ ತರಲೆಂದು ಅವಳು ತನ್ನ ಒಡೆಯನ ಮನೆಯತ್ತ ಹೊರಡಬೇಕಾಗುತ್ತದೆ. ಇಲ್ಲಿ ಯಾರೂ ಲಂಚ ಕೇಳಿಲ್ಲ, ಯಾರೂ ಕೊಟ್ಟಿಲ್ಲ. ಕೇಳುತ್ತಿರುವುದು ಒಂದು ವಿನಾಯಿತಿ, ಅದೂ ತನ್ನ ಸತ್ತ ಮಗನಿಗಾಗಿ. ನಾವು ಯಾರೇ ಆಗಿದ್ದರೂ ಬಿಟ್ಟುಬಿಡುತ್ತಿದ್ದೆವು. ಅದನ್ನು ಭ್ರಷ್ಟಾಚಾರವೆನ್ನದೆ ಕರುಣೆಯೆನ್ನುತ್ತಿದ್ದೆವು. ಶಿಫಾರಸು, ನೇಮಕ, ನಿವೇಶನ ಎಲ್ಲವೂ ಹುಟ್ಟುವುದು ಇಂಥ ಕರುಣೆಯಿಂದಲೇ. ಶಾಸಕರ ಮನೆಯ ಜಗುಲಿಯಲ್ಲಿ ಬೆಳಗಿನಿಂದ ಕಾದು ಕುಳಿತವರಲ್ಲಿ ಬಹುಮಂದಿ ಕೇಳಬಂದಿರುವುದು ತಮ್ಮೊಬ್ಬರಿಗೆ ಬೇಕಾದ ವಿನಾಯಿತಿಯನ್ನು. ಅದನ್ನು ಕೊಡಿಸುವವನ ತಿನ್ನುವಿಕೆಯನ್ನು ಅವರು ಸಹಿಸದಿರುವುದು ಹೇಗೆ? ನಿರ್ಗತಿಕ ತಾಯಿಯಿಂದಲೂ ತೆರೆ ಕೇಳುವ ನಿಯಮ ಕ್ರೂರವೆಂದರೆ ನಾನು ಒಪ್ಪುತ್ತೇನೆ. ಆದರೆ ನಿಯಮ ಕ್ರೂರವಾದರೆ ಎಲ್ಲ ತಾಯಂದಿರಿಗೂ ಬದಲಾಗಬೇಕು. ಕಾವಲುಗಾರನ ಹೆಂಡತಿಗೆ ಮಾತ್ರ ಬದಲಾದರೆ ಅದು ಕರುಣೆಯಲ್ಲ.

ಈ ಕಾವ್ಯವನ್ನು ಪಾಠ ಹೇಳಿದ ವರ್ಷಗಳಲ್ಲಿ ಪರೀಕ್ಷೆಗೆ ಚಂದ್ರಮತಿಯ ಪ್ರಲಾಪ ಅನೇಕ ಸಲ ಬಂದದ್ದುಂಟು. ನೆಲದೆರೆಯ ಪ್ರಸಂಗ ಬಂದ ನೆನಪಿಲ್ಲ. ಪ್ರಶ್ನೆಪತ್ರಿಕೆ ತೆಗೆದವರಲ್ಲಿ ನಾನೂ ಒಬ್ಬ.