ಪೈಪಿಗೆ ದುಡ್ಡಿದೆ, ಕೊಂಡಿಗೆ ಇಲ್ಲವೇ?

ಚಾವಣಿ ನೀರು ಹಿಡಿಯುವ ಮಾತು ಬಂದಾಗ ನಮ್ಮ ಜನ ಮೊದಲು ಕೇಳೋದು ತೊಟ್ಟಿ ಎಷ್ಟು ದೊಡ್ಡದು ಅಂತ. ಆಮೇಲೆ ಸೋಸುವ ಡ್ರಮ್ಮಿಗೆ ಎಷ್ಟಾಯ್ತು ಅಂತ. ಸೂರಿನಡಿ ಓಡುವ ಪೈಪು ಯಾವುದರ ಆಸರೆಯಲ್ಲಿ ನಿಂತಿದೆ ಅಂತ ಕೇಳೋರು ಕಮ್ಮಿ. ತೊಟ್ಟಿ ಬಿರುಕು ಬಿಡೋದಕ್ಕಿಂತ ಮೊದಲು ಪೈಪು ಜಾರಿ ಬೀಳುತ್ತೆ. ಬಿದ್ದ ಮೇಲೆ ತೊಟ್ಟಿ ಎಷ್ಟು ದೊಡ್ಡದಿದ್ದರೆ ಏನು ಬಂತು?

ಪಾವಗಡದ ಕಡೆ ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಎಷ್ಟೋ ಬೋರ್‌ವೆಲ್ಲಿನ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅಂತ ಸರ್ಕಾರದ ಮಾನದಂಡ. ಕಾಯಿಸಿದರೆ ಅದು ಹೋಗೋದಿಲ್ಲ. ಹಲ್ಲು ಕಂದುಗಟ್ಟಿದ ಮಕ್ಕಳನ್ನು, ಸೊಂಟ ಬಗ್ಗಿದವರನ್ನು ನೋಡಿದವರಿಗೆ ಮಳೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ.

ಲೆಕ್ಕ ನೋಡಿ. 30 ಅಡಿ ಉದ್ದ, 20 ಅಡಿ ಅಗಲದ ತಗಡಿನ ಮನೆ ಅಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 550 ಮಿಲಿಮೀಟರ್ ಬಿದ್ದು, ಅದರಲ್ಲಿ ನೂರಕ್ಕೆ 80 ಪಾಲು ಮಾತ್ರ ಸಿಕ್ಕರೂ 24 ಸಾವಿರ ಲೀಟರ್ ದಾಟುತ್ತೆ. ಐದು ಜನರ ಮನೆಗೆ ಕುಡಿಯೋಕೆ, ಅಡಿಗೆಗೆ ದಿನಕ್ಕೆ 50 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾದ್ದು 18,250 ಲೀಟರ್. ಅಂದರೆ ಸಾಕಾಗಿ ಮಿಗುತ್ತೆ.

ಆದರೆ ನಮ್ಮ ಮಳೆ ದಿನಾ ಹನಿಯುವ ಮಳೆ ಅಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಾಲ್ಕಾರು ಸಲ ಜೋರಾಗಿ ಹೊಡೆದು ಹೋಗುತ್ತೆ. 25 ಮಿಲಿಮೀಟರಿನ ಒಂದು ಮಳೆಯಲ್ಲಿ ಆ ಮನೆಗೆ ಸಿಗೋದು 1,120 ಲೀಟರ್. ಆವತ್ತೇ ಪೈಪು ಕಳಚಿಕೊಂಡರೆ 22 ದಿನದ ನೀರು ಅಂಗಳದ ಪಾಲು. ಪೈಪು ಬೀಳೋದೂ ಅಂಥ ಮಳೆಯಲ್ಲೇ, ಬಿಸಿಲಲ್ಲಿ ಅಲ್ಲ.

ಯಾಕೆ ಬೀಳುತ್ತೆ? ಖಾಲಿ ಪಿವಿಸಿ ಪೈಪು ಹಗುರ, ಹುಡುಗರೂ ಎತ್ತುತ್ತಾರೆ. ಆ ಹಗುರ ನೋಡಿಯೇ ಜನ ಎರಡು ಕಡೆ ಬೈಂಡಿಂಗ್ ವೈರು ಸುತ್ತಿ ಕೈ ತೊಳೆದುಕೊಳ್ತಾರೆ. 4 ಇಂಚಿನ ಪೈಪು ತುಂಬಿದರೆ ಒಂದು ಮೀಟರಿಗೆ ಎಂಟೂವರೆ ಲೀಟರ್ ಹಿಡಿಯುತ್ತೆ. 20 ಅಡಿಯ ಒಂದು ಪೈಪಿನೊಳಗೆ 50 ಕಿಲೋ ನೀರು. ಪೈಪಿನ ತೂಕ ಸೇರಿದರೆ 60 ಕಿಲೋ ಹತ್ತಿರ, ಒಂದು ಮೂಟೆ ಸಿಮೆಂಟಿಗಿಂತ ಜಾಸ್ತಿ. ಸೂರಿನ ಪೈಪು ಯಾವಾಗಲೂ ತುಂಬಿ ಹರಿಯಲ್ಲ, ನಿಜ. ಎಲೆಯೋ ಗುಬ್ಬಿ ಗೂಡೋ ಸಿಕ್ಕಿಕೊಂಡರೆ ಮಾತ್ರ ತುಂಬಿಯೇ ನಿಲ್ಲುತ್ತೆ. ಆದ್ದರಿಂದ ಕೊಂಡಿಯ ಲೆಕ್ಕ ಹಾಕಬೇಕಾದ್ದು ತುಂಬಿದ ಪೈಪಿಗೆ.

ನನ್ನ ಅಭಿಪ್ರಾಯದಲ್ಲಿ 4 ಇಂಚಿನ ಪೈಪಿಗೆ 4 ಅಡಿಗೊಂದು, 2 ಇಂಚಿನದಕ್ಕೆ 3 ಅಡಿಗೊಂದು ಕೊಂಡಿ ಬೇಕು. ಸಣ್ಣ ಪೈಪು ಬೇಗ ಬಾಗುತ್ತೆ, ಅದಕ್ಕೇ ಹತ್ತಿರ ಹತ್ತಿರ. ಅರ್ಧಕ್ಕೆ ಸೀಳಿ ದೋಣಿ ಮಾಡಿದ ಪೈಪಿಗೆ ಗಟ್ಟಿತನ ಇನ್ನೂ ಕಮ್ಮಿ, 2 ಅಡಿಗೊಂದು ಹಾಕಿ. ಎಲ್ಬೋ, ಟೀ, ವಾಲ್ವು ಇರುವ ಕಡೆ ಪಕ್ಕದಲ್ಲೇ ಒಂದು ಜಾಸ್ತಿ ಇರಲಿ. ಅಂಟಿನ ಮೇಲೆ ಭಾರ ಬೀಳಬಾರದು.

ಬರೀ ತಂತಿ ಕೊಂಡಿ ಅಲ್ಲ. ಗಾಳಿಗೆ ಪೈಪು ಅಲ್ಲಾಡಿದಂತೆ ತಂತಿ ಗರಗಸದ ಹಾಗೆ ಕೊಯ್ಯುತ್ತೆ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಒಣಗಿ ಪಟ್ಟನೆ ಮುರಿಯುತ್ತೆ. ಒಂದಿಂಚು ಅಗಲದ ಕಬ್ಬಿಣದ ಪಟ್ಟಿಯನ್ನು ಬಳೆಯ ಹಾಗೆ ಬಗ್ಗಿಸಿ, ಮರೆಯಿರುವ ಸರಳಿನಿಂದ ನೇತುಹಾಕೋದು ಒಳ್ಳೇದು. ನಟ್ಟು ತಿರುಗಿಸಿ ಎತ್ತರ ಸರಿಮಾಡಬಹುದು. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಪಟ್ಟಿಗೂ ಪೈಪಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಕೊಡಿ. ಕೊಟ್ಟಿಗೆಯಲ್ಲಾದರೆ ಗಂಜಲದ ಆವಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ, ಎರಡು ಸಲ ಬಣ್ಣ ಹೊಡೆಯಿರಿ.

ಕೊಂಡಿಯನ್ನು ತಗಡಿಗೆ ಸಿಕ್ಕಿಸಬೇಡಿ. ತೊಲೆಗೋ, ಜಂತೆಗೋ, ತಗಡು ಹೊತ್ತ ಕಬ್ಬಿಣದ ಅಡ್ಡಪೈಪಿಗೋ ಸಿಕ್ಕಿಸಿ. ಪೈಪನ್ನು ಉಸಿರು ಕಟ್ಟೋ ಹಾಗೆ ಬಿಗಿಯಲೂ ಬೇಡಿ. ಬೆಳಗಿನ ಜಾವದ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಆದರೆ 30 ಅಡಿಯ ಪಿವಿಸಿ ಪೈಪು ಮುಕ್ಕಾಲು ಇಂಚಿನಷ್ಟು ಉದ್ದ ಆಗುತ್ತೆ. ಒಂದು ಕಡೆ ಮಾತ್ರ ಭದ್ರ ಹಿಡಿದು, ಉಳಿದ ಕಡೆ ಜಾರೋಕೆ ಬಿಡಿ. ಎಂಟು ಅಡಿಗೆ ಒಂದಿಂಚು ಇಳಿಜಾರು ಇರಲಿ. ಗಾರೆ ಕೆಲಸದವರ ಲೆವೆಲ್ ಟ್ಯೂಬಿನಲ್ಲಿ ನೋಡಿಯೇ ಕಟ್ಟಿಸಿ. ಜೋತುಬಿದ್ದ ಕಡೆ ನೀರು ನಿಂತು ಮಣ್ಣು ಕೂರುತ್ತೆ, ಸೊಳ್ಳೆ ಆಗುತ್ತೆ, ಭಾರ ಏರಿ ಇನ್ನಷ್ಟು ಜೋಲುತ್ತೆ.

ಇಷ್ಟೆಲ್ಲ ಕೆಲಸಗಾರರಿಗೆ ಗೊತ್ತಿಲ್ಲವೇ? ಬಹಳಷ್ಟು ಜನಕ್ಕೆ ಗೊತ್ತು. ತೊಂದರೆ ಇರೋದು ನಾವು ಕೊಡುವ ದರದಲ್ಲಿ. ಪೈಪಿನ ಅಡಿಗೆ ಇಷ್ಟು, ಕೊಂಡಿ ಗಿಂಡಿ ಎಲ್ಲ ಸೇರಿ ಅಂತ ಮಾತಾಡಿಕೊಳ್ತೀವಿ. ಆಗ ಹಾಕದೆ ಬಿಟ್ಟ ಒಂದೊಂದು ಕೊಂಡಿಯೂ ಅವರ ಲಾಭ. ಅವರನ್ನು ಬೈದು ಫಲವಿಲ್ಲ, ಮಾತಿನ ರೀತಿ ಬದಲಾಗಬೇಕು. ಪೈಪಿಗೆ ಬೇರೆ, ಕೊಂಡಿಗೆ ಎಣಿಸಿ ಬೇರೆ ದುಡ್ಡು ಕೊಡಿ. ಆಗ ಯಾರೂ ಬಿಡೋದಿಲ್ಲ. ಶಾಲೆಗೆ, ಅಂಗನವಾಡಿಗೆ ಮಳೆ ನೀರಿನ ಕೆಲಸ ಆಗುವಾಗಲೂ ಅಂದಾಜು ಪಟ್ಟಿಯಲ್ಲಿ 'ಪೈಪು ಮತ್ತು ಇತರೆ' ಅಂತ ಒಂದೇ ಸಾಲು ಇದ್ದರೆ ಒಪ್ಪಬಾರದು. ಕೊಂಡಿ ಎಷ್ಟು, ಎಷ್ಟು ಅಡಿಗೊಂದು ಅಂತ ಬರೆಸಬೇಕು. ಆ ಪೈಪಿನ ಕೆಳಗೆ ಆಡೋರು ನಮ್ಮ ಮಕ್ಕಳು.

ಖರ್ಚಾಗುತ್ತೆ ಅನ್ನೋರಿಗೆ ಒಂದೇ ಮಾತು. ದುಡ್ಡು ಸಾಲದಿದ್ದರೆ ಈ ವರ್ಷ ಚಾವಣಿಯ ಒಂದೇ ಮಗ್ಗುಲಿಗೆ ಪೈಪು ಹಾಕಿ, ಅದಕ್ಕೆ ಪೂರ್ತಿ ಕೊಂಡಿ ಹಾಕಿ. ಇನ್ನೊಂದು ಮಗ್ಗುಲು ಮುಂದಿನ ವರ್ಷಕ್ಕಿರಲಿ. ಎರಡೂ ಕಡೆ ತಂತಿಯಲ್ಲಿ ತೂಗಾಡುವ ಪೈಪಿಗಿಂತ ಒಂದು ಕಡೆ ಗಟ್ಟಿಯಾಗಿ ನಿಂತ ಪೈಪು ಹೆಚ್ಚು ನೀರು ತರುತ್ತೆ. ಮುಂಗಾರಿಗೆ ಮೊದಲು ಏಣಿ ಹಾಕಿ ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಇದಕ್ಕಿಂತ ಸುಲಭದ, ಅಗ್ಗದ ಕೊಂಡಿ ಮಾಡಿಕೊಂಡವರು ಇದ್ದರೆ ಪತ್ರಿಕೆಗೆ ಬರೆಯಿರಿ. ನಮಗೂ ಉಪಯೋಗ ಆಗುತ್ತೆ.